ಹುಳಿ ತಿನ್ನದ ಸೊಸೆ

“ಬಾಯಿ ತೆಗೀರಿ ಯಪ್ಪಾ. ತುಟಿ ನಾನೇ ಇಳಸ್ತೀನಿ, ನೀವು ಸುಮ್ಕ ಕೂಡ್ರಿ.”

ಬೂದೆಪ್ಪ ಸುಮ್ಮನೆ ಕೂರಲಿಲ್ಲ. ತಾನೇ ತುಟಿ ಹಿಡಿಯಲು ಕೈ ಎತ್ತಿದ. ತೋಳು ಮೇಲೆ ಬಂತು. ಅಂಗೈ ಮಾತ್ರ ಮಣಿಕಟ್ಟಿನಿಂದ ಜೋತುಬಿದ್ದು, ಹಿಂಡದೆ ಹಗ್ಗಕ್ಕೆ ಹಾಕಿದ ಬಟ್ಟೆಯಂತೆ ತೂಗಿತು. ಅರ್ಧ ಆಯುಷ್ಯ ಕುರಿಯ ಉಣ್ಣೆ ಕತ್ತರಿಸಿದ ಕೈ ಅದು. ಈಗ ಅದಕ್ಕೆ ರೊಟ್ಟಿ ಮುರಿಯಲೂ ಬರುತ್ತಿರಲಿಲ್ಲ.

ಡಾಕ್ಟರ್ ಜಾಹೆದಾ ಟಾರ್ಚು ಹಿಡಿದಳು. ಹಲ್ಲೂ ವಸಡೂ ಕೂಡುವಲ್ಲಿ, ಸೂಜಿಯ ಮೊನೆಯಿಂದ ಎಳೆದಂತೆ, ಒಂದು ತೆಳ್ಳನೆಯ ನೀಲಿ ಗೆರೆ.

ಅವಳು ಅವನ ತುಟಿಯನ್ನು ಮೆಲ್ಲಗೆ ಬಿಟ್ಟಳು.

ಬೆನ್ನ ಹಿಂದಿನ ಕೋಣೆಯಲ್ಲಿ ಕೂಸು ಅತ್ತಿತು. ಊಟದಲ್ಲಿ ಮದ್ದು ಹಾಕಿ ಮನೆಮಂದಿಯನ್ನೆಲ್ಲ ಕೆಡಿಸಿದಳೆಂದು, ಆ ಮನೆಯ ಸೊಸೆ ಆದೆಮ್ಮನನ್ನು ಐದು ತಿಂಗಳ ಕೂಸಿನ ಸಮೇತ ಅಲ್ಲಿ ಕೂಡಿಹಾಕಿ ವಾರವಾಗುತ್ತ ಬಂದಿತ್ತು.

“ಏನ್ ಕಂಡಿತ್ರಿ ನಮ್ಮಪ್ಪನ ಬಾಯಾಗ? ಬಂಗಾರದ ಹಲ್ಲು ಸಿಕ್ತೇನು?” ಹೊಸ್ತಿಲ ಮೇಲೆ ಕೂತಿದ್ದ ಪರಮಣ್ಣ ಕೇಳಿದ. ಆದೆಮ್ಮನ ಮೈದುನ ಅವನು, ಮನೆಯ ಕಿರಿಮಗ. ರಾಯಚೂರಿನ ಒಂದು ಬ್ಯಾಟರಿ ಅಂಗಡಿಯಲ್ಲಿ ಕೆಲಸ. ಅಣ್ಣ, ಆದೆಮ್ಮನ ಗಂಡ ಅಯ್ಯಪ್ಪ ಹೊಟ್ಟೆ ಹಿಡಿದುಕೊಂಡು ದವಾಖಾನೆ ಸೇರಿದ ಮೇಲೆ ದೇವದುರ್ಗಕ್ಕೆ ಬಂದವನು ತಿರುಗಿ ಹೋಗಿರಲಿಲ್ಲ. ಕೋಣೆಯ ಕೀಲಿ ಅವನ ಉಡಿದಾರದಲ್ಲಿತ್ತು.

“ಇನ್ನೂ ನೋಡಾಕತ್ತೀನಿ.”

“ಲಗೂನ ನೋಡ್ರಿ. ಸಂಜಿಗೆ ಓಣಿ ಹಿರಿಯರು ಕೂಡ್ತಾರ. ಕೂಸು ನಮ್ಮದು, ನಮ್ಮ ಮನ್ಯಾಗ ಇರ್ತದ. ಆಕಿ ಊರು ಬಿಡ್ತಾಳ. ಅಷ್ಟ.”

“ಹಾಲು ಕುಡಿಯೋ ಕೂಸು ಅದು.”

“ಆಡಿನ ಹಾಲು ಕುಡದು ನಾವು ಬೆಳದಿಲ್ಲೇನು?”

ಜಾಹೆದಾ ಟಾರ್ಚು ಆರಿಸಿದಳು. ಇವರ ರಕ್ತದ ಸೀಸೆಗಳನ್ನು ಹೊತ್ತ ಜೀಪು ಬೆಳಿಗ್ಗೆಯೇ ರಾಯಚೂರಿಗೆ ಹೋಗಿತ್ತು. ಅಲ್ಲಿಂದ ಅವು ಹೈದರಾಬಾದಿನ ಪ್ರಯೋಗಾಲಯಕ್ಕೆ ಹೋಗಬೇಕು. ಅಲ್ಲಿಂದ ಉತ್ತರ ಬರುವಷ್ಟರಲ್ಲಿ ಈ ತಾಯಿ ಎಲ್ಲಿರುತ್ತಾಳೋ, ಕೂಸು ಎಲ್ಲಿರುತ್ತದೋ. ಸಂಜೆಯ ತನಕ ಜಾಹೆದಾಳ ಬಳಿ ಇದ್ದದ್ದು ಒಂದು ಟಾರ್ಚು, ಎರಡು ಕಣ್ಣು.

ಮುಂದಿನ ಸರದಿ ಅತ್ತೆ ಕರೆಮ್ಮನದು.

“ನನಗೇನಾಗಿಲ್ಲ ಬಿಡ್ರಿ.”

“ಹೊಟ್ಟಿ ನೋಯಂಗಿಲ್ಲೇನು ಯವ್ವಾ?”

“ಈ ವಯಸ್ಸಿನ್ಯಾಗ ಹೊಟ್ಟಿ ನೋಯದ ಮತ್ತೇನು ಹಾಡು ಹಾಡ್ತದೇನು?”

ತಂಬಾಕಿನ ಪುಡಿ ತಿಕ್ಕಿ ತಿಕ್ಕಿ ಅವಳ ವಸಡು ಕಪ್ಪಾಗಿತ್ತು. ಜಾಹೆದಾ ಉಪ್ಪುನೀರು ಕೊಟ್ಟು ಬಾಯಿ ಮುಕ್ಕಳಿಸಲು ಹೇಳಿ, ಹತ್ತಿಯಿಂದ ಒರೆಸಿದಳು. ಕಪ್ಪು ಹೋಯಿತು. ನೀಲಿ ಹೋಗಲಿಲ್ಲ.

ಪರಮಣ್ಣ ಕರೆಯುವ ಮೊದಲೇ ಬಂದು ತನ್ನ ತುಟಿ ತಾನೇ ಎಳೆದು ತೋರಿಸಿದ. ಅಲ್ಲೂ ಗೆರೆ.

“ಅಪ್ಪಗ ಅದ, ಅವ್ವಗ ಅದ, ನನಗದ,” ಅವನು ಬೆರಳು ಮಡಿಸಿದ. “ಅಡಗಿ ಮಾಡಾಕಿಗೆ ಅದ ಏನು? ನೋಡ್ರಿ ಮತ್ತ.”

ಕೋಣೆಗೆ ಒಂದೇ ಕಿಟಕಿ. ಅಡುಗೆಮನೆಯತ್ತ ತೆರೆದಿದ್ದ, ಎರಡು ಸರಳಿನ ಕಿಂಡಿ. ಜಾಹೆದಾ ಅಲ್ಲಿಗೆ ಹೋದಾಗ ಮೊದಲು ಹೊರಬಂದದ್ದು ಮುಖವಲ್ಲ, ಒದ್ದೆ ಬಟ್ಟೆ ಹಿಡಿದ ಒಂದು ಕೈ.

“ಡಾಕ್ಟರಮ್ಮ, ಕೂಸಿನ ಬಟ್ಟಿ ಒಣಗವಲ್ಲವ್ರಿ. ಒಳಗ ಗಾಳಿ ಇಲ್ಲ. ಹಸೀದನ್ನ ಮತ್ತ ಮತ್ತ ಹೊದಿಸಿ ಅದರ ತೊಡಿ ಕೆಂಪಗಾಗ್ಯಾವ. ಒಂದೀಟು ಬಿಸಲಿಗೆ ಹಾಕ್ರಿ.”

ಜಾಹೆದಾ ಬಟ್ಟೆಗಳನ್ನು ಇಸಿದುಕೊಂಡಳು. ಹಳೆ ಧೋತರ ಹರಿದು ಮಾಡಿದ ತುಂಡುಗಳು. ಒಂದೊಂದನ್ನೂ ಕೊಡವಿ ಹಿತ್ತಲಿನ ಗೋಡೆಯ ಮೇಲೆ ಹರವಿ ಬಂದಳು. ಪರಮಣ್ಣ ನೋಡುತ್ತಲೇ ಇದ್ದ. ಬೇಡವೆನ್ನಲಿಲ್ಲ.

“ಆದೆಮ್ಮ, ಈಗ ನಿನ್ನ ಬಾಯಿ ತೋರಸು.”

ಸರಳುಗಳ ನಡುವೆ ಮುಖ ಬಂತು. ಇಪ್ಪತ್ತು ದಾಟಿರದ ಮುಖ. ವಸಡು ಕೆಂಪಗೆ, ಕೂಸಿನ ಬಾಯಿಯಷ್ಟು ಶುದ್ಧವಾಗಿತ್ತು.

ಹೊಸ್ತಿಲಿನಿಂದ ಪರಮಣ್ಣ ನಕ್ಕ.

ಯಾರಿಗೆ ಬೇನೆ ಬಂತೆಂದು ಎಲ್ಲರೂ ಕೇಳುತ್ತಾರೆ. ಯಾರಿಗೆ ಬರಲಿಲ್ಲ, ಯಾಕೆ ಬರಲಿಲ್ಲ ಎಂದು ಕೇಳುವುದೇ ಜಾಹೆದಾಳ ಕೆಲಸ. ಮೈಲಿಬೇನೆಯ ಕೊನೆಯ ವರ್ಷಗಳಲ್ಲಿ ಗಿಲ್ಲೆಸುಗೂರು, ಗುಂಜಹಳ್ಳಿ ಎಂದು ಮನೆಮನೆ ತಿರುಗಿ ಕಲಿತದ್ದು ಅದು. ಆ ಬೇನೆ ಈಗ ಭೂಮಿಯ ಮೇಲೆಯೇ ಇಲ್ಲ. ಸೂಜಿ ಅದನ್ನು ಓಡಿಸಿತು, ನಿಜ. ಆದರೆ ಸೂಜಿ ಎಲ್ಲಿ ಚುಚ್ಚಬೇಕೆಂದು ಹೇಳಿದ್ದು ಇಂಥ ಪ್ರಶ್ನೆಗಳೇ.

“ಏನ್ ಉಣ್ತೀ ನೀ?”

“ರೊಟ್ಟಿ, ತುಪ್ಪ, ಬಳ್ಳೊಳ್ಳಿ ಖಾರ. ಸಬ್ಬಸಗಿ ಪಲ್ಲೆ.”

“ಬ್ಯಾರೆ ಮಾಡ್ತೀಯೋ, ಎಲ್ಲಾರದೂ ಕೂಡಿ ಮಾಡ್ತೀಯೋ?”

“ನಂದು ಸಣ್ಣ ಮಣ್ಣಿನ ಕುಡಿಕ್ಯಾಗ್ರಿ. ಅವರದು ದೊಡ್ಡ ಬೋಗುಣ್ಯಾಗ. ಅವರಿಗೆ ದಿನಾ ಹುಳಿ ಹುಳಿ ಪುಂಡಿ ಪಲ್ಲೆ ಬೇಕು.”

“ನಿನಗ ಬ್ಯಾಡೇನು?”

“ಅತ್ತಿ ಬ್ಯಾಡಂದಾರ. ಹಾಲು ಕುಡಸಾಕಿ ಹುಳಿ ತಿಂದರ ಕೂಸಿಗೆ ನೆಗಡಿ ಆಗ್ತದಂತ. ಅದಕ್ಕ ಆರು ತಿಂಗಳಾಗೋತನ ಹುಳಿ ಮುಟ್ಟಬ್ಯಾಡ ಅಂದಾರ.”

ಜಾಹೆದಾ ಕರೆಮ್ಮನ ಕಡೆ ತಿರುಗಿದಳು. “ಖರೇನ ಯವ್ವಾ?”

“ಖರೆ ಅಲ್ಲದ ಏನು? ನಮ್ಮತ್ತಿ ನನಗ ಹಂಗ ಮಾಡಿದ್ಲು. ನಾ ಈಕಿಗೆ ಮಾಡೀನಿ. ತಾಯಿ ಇಲ್ಲದ ಹುಡುಗಿ, ಬಾಣಂತನ ನಾನೇ ಮಾಡೀನ್ರಿ, ಎಣ್ಣಿ ಹಚ್ಚಿ ಎರದೀನಿ...” ಅವಳ ದನಿ ಒಡೆಯಿತು. “ಈಕಿ ಒಲಿ ಮುಂದ ಕುಂತ ಮ್ಯಾಲೇ ನಮ್ಮ ಹೊಟ್ಟಿ ಕೆಟ್ಟಾವು.”

“ಅಡಗಿ ಮಾಡಾಕಿ ತಾ ಉಣ್ಣಂಗಿಲ್ಲ,” ಪರಮಣ್ಣ ಎಂದ. “ಇನ್ನೇನ್ ಸಾಕ್ಷಿ ಬೇಕ್ರಿ ನಿಮಗ?”

“ಉಣ್ಣಬ್ಯಾಡ ಅಂದಾಕಿ ನಿಮ್ಮವ್ವನ, ಪರಮಣ್ಣ.”

ಜಾಹೆದಾ ಕಿಂಡಿ ಬಿಟ್ಟು ಒಲೆಯತ್ತ ನಡೆದಳು. ಒಲೆಯ ಪಕ್ಕದಲ್ಲಿ ಹಿತ್ತಾಳೆಯ ದೊಡ್ಡ ಬೋಗುಣಿ. ನಿನ್ನೆ ಕರೆಮ್ಮನೇ ಮಾಡಿದ ಪುಂಡಿ ಪಲ್ಲೆ ತಳದಲ್ಲಿ ಇನ್ನೂ ಇತ್ತು. ರಾತ್ರಿಯಿಡೀ ಅದರಲ್ಲೇ ಬಿಟ್ಟು, ಹುಳಿ ಏರಿದ ಮೇಲೆ ತಿನ್ನುವುದು ಈ ಕಡೆಯ ರುಚಿ. ಅವಳು ಪಲ್ಲೆಯನ್ನು ಒಂದು ಬದಿಗೆ ಸರಿಸಿ, ಒದ್ದೆ ಹತ್ತಿಯಿಂದ ಒಳಗಿನ ಕಲಾಯಿಯನ್ನು ಬಲವಾಗಿ ತಿಕ್ಕಿದಳು.

ಹತ್ತಿ ಪೆನ್ಸಿಲಿನ ಕಡ್ಡಿಯಂತೆ ಕಪ್ಪಾಯಿತು. ಅಂಚಿನ ಹತ್ತಿರ ಹೊಳೆಯುತ್ತಿದ್ದ ಕಲಾಯಿ, ಪಲ್ಲೆ ಕೂರುವ ಮಟ್ಟದ ಕೆಳಗೆ ತಿಂದುಹೋಗಿ ಬೂದುಬಣ್ಣಕ್ಕೆ ತಿರುಗಿತ್ತು.

ಮನೆಮಂದಿಗೆಲ್ಲ ಒಮ್ಮೆಗೇ ಹೊಟ್ಟೆ ಕೆಟ್ಟರೆ ಪಾತ್ರೆಯ ಕಲಾಯಿಯನ್ನೂ ವಿಚಾರಿಸುವುದು ಅವಳ ರೂಢಿ; ಅದಕ್ಕೆ ಬೆಳಿಗ್ಗೆ ಸಿಕ್ಕ ಉತ್ತರ ಇನ್ನೂ ಕಿವಿಯಲ್ಲಿತ್ತು. ಮಾನ್ವಿಯ ಸಂತೆಯಲ್ಲಿ ತಿದಿ ಒತ್ತುತ್ತ ಕೂತಿದ್ದ ಕಲಾಯಿಯ ಖಾಸಿಂ ಸಾಬ್ ಗದ್ದಕ್ಕೆ ಕೈ ಹಚ್ಚಿ ಹೇಳಿದ್ದ: “ಕರೆಮ್ಮನ ಬೋಗುಣಿ ಏನು ಬೇಟಿ? ಅದು ಹೋದ ವರ್ಷದಿಂದ ನನ್ನ ಕೈಗೆ ಬಂದಿಲ್ಲ. ದೀಪಾವಳಿಗೆ ನಾನು ಆಸ್ಪತ್ರಿಯೊಳಗ ಬಿದ್ದಿದ್ದೆ, ಆ ಓಣಿಗೇ ಹೋಗಿಲ್ಲ.”

“ಯವ್ವಾ, ಈ ಕಲಾಯಿ ಯಾರು ಹಾಕಿದ್ದು?”

ಕರೆಮ್ಮನ ಮುಖ ಅರಳಿತು. ಅಷ್ಟು ದುಃಖದಲ್ಲೂ ಅರಳಿತು.

“ನನ್ನ ಮಗರೀ. ಆ ಸಾಬ ಬರಲಿಲ್ಲ, ಬೋಗುಣಿ ಕಿಲುಬು ಹಿಡದಿತ್ತು. ಹಬ್ಬಕ್ಕ ಬಂದವ ನೋಡಿ, ‘ಅವ್ವಾ ನಾ ಹಾಕ್ತೀನಿ ತಡಿ’ ಅಂದ. ಅಂಗಡಿಯಿಂದ ಸಾಮಾನು ತಂದು, ಒಲಿ ಮುಂದ ಬೆವರು ಸುರಿಸಿ ಹಾಕಿಕೊಟ್ಟ. ಬೆಳ್ಳಿ ಹಂಗ ಹೊಳೀತಿತ್ತು. ಓಣಿಗೆಲ್ಲ ತೋರಿಸಿ ಬಂದಿದ್ದೆ.”

ಜಾಹೆದಾ ಪರಮಣ್ಣನನ್ನು ನೋಡಿದಳು. “ಏನ್ ಹಾಕಿದ್ರಿ ಅದಕ್ಕ?”

“ಬೆಸುಗಿ ಕಡ್ಡಿ. ಹಳೇ ಬ್ಯಾಟರಿ ಒಡದಾಗ ಬರ್ತದಲ್ಲ, ಆ ಸೀಸ. ಕೂಡಿಸಿ ಕರಗಿಸಿದ್ದು. ಯಾಕ?”

“ಕಲಾಯಿಗೆ ತವರ ಹಾಕ್ತಾರ, ಪರಮಣ್ಣ. ಸೀಸ ನುಂಗೋ ವಸ್ತು ಅಲ್ಲ. ಹುಳಿ ಬಿದ್ದರ ಅದು ಕರಗ್ತದ. ಪಲ್ಲೆಯೊಳಗ ಇಳೀತದ. ಅಲ್ಲಿಂದ ರಕ್ತಕ್ಕ. ಹೊಟ್ಟಿ ಹಿಂಡ್ತದ, ಕೈ ಬೀಳಸ್ತದ, ವಸಡಿಗೆ ನೀಲಿ ಗೆರಿ ಹಾಕ್ತದ. ನಿಮ್ಮ ಮನಿ ಮದ್ದು ಈ ಬೋಗುಣ್ಯಾಗ ಅದ. ಹುಳಿ ತಿಂದವರೆಲ್ಲ ಬಿದ್ದೀರಿ. ಹುಳಿ ತಿನ್ನದಾಕಿ ಒಬ್ಬಾಕಿ ಉಳದಾಳ.”

ಬೂದೆಪ್ಪ ತನ್ನ ತೊಡೆಯ ಮೇಲೆ ಬಿದ್ದಿದ್ದ ಕೈಗಳನ್ನು ನೋಡಿಕೊಂಡ.

ಪರಮಣ್ಣ ಎದ್ದು ನಿಂತ. “ಅಂದ್ರ... ನಮ್ಮಪ್ಪನ ಕೈ ನಾ ಮುರದೀನಿ ಅಂತೀರೇನು?”

“ನೀವು ಬೇಕಂತ ಮಾಡಿದ್ದಲ್ಲ.”

“ಅಂದ್ರ ಮಾಡೀನಿ ಅಂತಾತು!”

“ಪರಮಣ್ಣ, ಕೇಳ್ರಿ. ಬೋಗುಣಿ ಬಿಟ್ಟರ ಇನ್ನೂ ಕೆಡೋದು ನಿಲ್ತದ. ರಾಯಚೂರಾಗ ಔಷಧ ಅದ. ಕೈಗೆ ಬಲ ಬರಬಹುದು. ತಿಳಿಯೂದು ತಡಾ ಆಗಿತ್ತಷ್ಟ.”

“ಔಷಧ ಬ್ಯಾಡ, ಏನೂ ಬ್ಯಾಡ! ನಾ ದಿನಾ ಆ ಅಂಗಡ್ಯಾಗ ಸೀಸ ಹಿಡೀತೀನಿ. ನಾ ಸತ್ತೀನೇನು? ಆಕಿನ್ನ ಉಳಸಾಕ ನನ್ನ ತಲಿಗೆ ಕಟ್ಟಾಕತ್ತೀರಿ.”

ಈ ಗದ್ದಲಕ್ಕೆ ಓಣಿಯ ಜನ ಅಂಗಳ ತುಂಬಿದ್ದರು. ಜಾಹೆದಾ ಅವರನ್ನು ನೋಡಿದಳು. ಹಿರಿಯರು ಕೂಡುವ ಮೊದಲು ಓಣಿಯನ್ನೇ ಒಪ್ಪಿಸಿದರೆ ಬೀಗ ತಾನಾಗಿ ತೆರೆಯುತ್ತದೆ. ದಾರಿ ಸುಲಭವಾಗಿತ್ತು. ಆ ಬೋಗುಣಿಯ ಪಲ್ಲೆ ತಿನ್ನದವರ ಬಾಯಿ ನೋಡಿದರಾಯಿತು.

“ಎಲ್ಲಾರೂ ಕೇಳ್ರಿ,” ಅವಳು ದನಿ ಏರಿಸಿದಳು. “ಈ ಬೋಗುಣ್ಯಾಗಿನ ಪಲ್ಲೆ ಉಂಡವರ ವಸಡಿನ್ಯಾಗ ನೀಲಿ ಗೆರಿ ಅದ. ನೀವು ಇದರಾಗ ಉಂಡಿಲ್ಲ. ನಿಮಗ ಇರಂಗಿಲ್ಲ. ಒಬ್ಬೊಬ್ಬರ ಬಂದು ಬಾಯಿ ತೋರಸ್ರಿ.”

“ಇದ್ದರ?” ಪರಮಣ್ಣ ತಟ್ಟನೆ ಕೇಳಿದ.

“ಇರಂಗಿಲ್ಲ.”

“ಇದ್ದರ ಅಂತ ಕೇಳಿದೆ.”

“ಇದ್ದರ ನನ್ನ ಮಾತು ತಪ್ಪು.”

“ಕೇಳಿದ್ರಿಲ್ಲೋ ಎಲ್ಲಾರೂ?”

ಓಣಿಗೆ ಅದೊಂದು ತಮಾಷೆಯಾಯಿತು. ಹೆಂಗಸರು ಸೆರಗಿನಲ್ಲಿ ನಗುತ್ತ ಬಂದರು. ಒಬ್ಬ ಮುದುಕ ಬಾಯಿ ಅಗಲಿಸಿ, “ನನಗ ಹಲ್ಲೇ ಇಲ್ಲ ತಂಗಿ, ನನ್ನ ಯಾವ ಜಾತಿಗೆ ಸೇರಸ್ತೀ?” ಎಂದ. “ಎಳಗರುವಿನ ಜಾತಿಗೆ ಸೇರಸ್ರಿ, ಹುಲ್ಲು ಹಾಕಿದ್ರಾತು,” ಎಂದು ಹಿಂದಿನಿಂದ ಯಾರೋ ಕೂಗಿದರು. ಎಲೆಯಡಿಕೆಯ ಕೆಂಪು, ತಂಬಾಕಿನ ಕಪ್ಪು, ಹುಳುಕು ಹಲ್ಲು. ನೀಲಿ ಎಲ್ಲೂ ಇರಲಿಲ್ಲ. ಪ್ರತಿ ಬಾಯಿ ಮುಚ್ಚಿದಾಗಲೂ ಜಾಹೆದಾಳ ಎದೆ ಹಗುರವಾಗುತ್ತ ಬಂತು. ಪರಮಣ್ಣ ಕಂಬಕ್ಕೆ ಒರಗಿದ್ದ.

ಕೊನೆಗೆ ಹಿತ್ತಲ ಗೋಡೆಯಾಚೆಯ ಮನೆಯ ಸೊಸೆ ಸೂಗಮ್ಮ ಬಂದಳು. ಬಸುರಿ, ಹೊಟ್ಟೆ ಆಗಲೇ ಎದ್ದು ಕಾಣುತ್ತಿತ್ತು. ಆ ಮನೆಗೂ ಈ ಮನೆಗೂ ಗೋಡೆಯ ಜಗಳವಾಗಿ ಮಾತು ನಿಂತಿತ್ತು. ಆದರೂ ಬಾಯಿ ತೋರಿಸುವ ಮೋಜು ಅವಳನ್ನು ತಡೆಯಲಿಲ್ಲ. ನಗುತ್ತಲೇ ತುಟಿ ಇಳಿಸಿದಳು.

ಟಾರ್ಚು ಅಲ್ಲೇ ನಿಂತಿತು.

ಕೆಳವಸಡಿನ ಉದ್ದಕ್ಕೂ ನೀಲಿ ಗೆರೆ. ಬೂದೆಪ್ಪನಿಗಿಂತ ತೆಳುವಾಗಿತ್ತು. ಆದರೆ ಅದೇ.

ಜಾಹೆದಾ ಬೇಗ ಬೆಳಕು ಆರಿಸಿದಳು. ತಡವಾಗಿತ್ತು. ಅವಳ ಮುಖ ಕಂಡ ಪರಮಣ್ಣ ಎರಡೇ ಹೆಜ್ಜೆಗೆ ಬಂದು ಬಗ್ಗಿ ನೋಡಿದ.

“ಅದ! ಈಕಿಗೂ ಅದ!” ಅವನ ದನಿಯಲ್ಲಿ ಸಂತೋಷವೇ ಇತ್ತು, ಮುಳುಗುತ್ತಿದ್ದು ದಡ ಸಿಕ್ಕವನ ಸಂತೋಷ. “ಈಕಿ ಮನಿಯವರು ನಮ್ಮ ನೀರು ಸೈತ ಮುಟ್ಟಂಗಿಲ್ಲ. ನಮ್ಮ ಬೋಗುಣಿ ಹ್ಯಾಂಗ ಉಂಡಾಳು? ಡಾಕ್ಟರಮ್ಮ, ನಿಮ್ಮ ಬಾಯಿಲೇ ಹೇಳೀರಿ. ಬೋಗುಣಿ ಅಲ್ಲ!”

ಅಂಗಳದ ನಗು ನಿಂತಿತು. “ಮತ್ತ ಬಾವಿಗೇ ಮದ್ದು ಹಾಕ್ಯಾಳೇನೋ,” ಎಂದು ಯಾರೋ ಅಂದರು. ಆ ಮಾತು ಬಾಯಿಂದ ಬಾಯಿಗೆ ಹೋಗುತ್ತಿದ್ದುದು ಕಾಣುತ್ತಿತ್ತು. ಮುಂದೆ ನಿಂತಿದ್ದ ಹೆಂಗಸರು ಬೀಗದ ಬಾಗಿಲಿನಿಂದ ದೂರ ಸರಿದರು. ಗಂಡಸರು ಹತ್ತಿರ ಬಂದರು.

ಜಾಹೆದಾ ಸೂಗಮ್ಮನ ಎರಡೂ ಕೈ ಹಿಡಿದಳು. ಅವು ತಣ್ಣಗಿದ್ದವು.

“ಸೂಗಮ್ಮ, ಇತ್ತಿತ್ಲಾಗ ಏನ್ ಉಂಡೀ? ಯಾರ ಮನ್ಯಾಗ? ಹುಳಿ ಏನರ ತಿಂದೀ?”

ಸೂಗಮ್ಮನ ಕಣ್ಣು ತನ್ನ ಅತ್ತೆಯ ಕಡೆ ಹೋಗಿ ಬಂದವು. “ಏನೂ ಇಲ್ರಿ. ನಮ್ಮ ಮನ್ಯಾಗ ಉಂಡೀನಿ.”

“ಹೆದರಬ್ಯಾಡ. ಇದು ನಿನಗ ಒಬ್ಬಾಕಿಗೆ ನಿಲ್ಲಂಗಿಲ್ಲ, ಹೊಟ್ಟ್ಯಾಗಿನ ಕೂಸಿಗೂ ಇಳೀತದ. ಎಲ್ಲಿಂದ ಬಂತು ಅಂತ ತಿಳಿದರ ಇವತ್ತ ನಿಲ್ಲಸಬಹುದು. ಹೇಳವ್ವಾ.”

“ನಮ್ಮ ಮನ್ಯಾಗ ಉಂಡೀನಿ ಅಂದೆನಲ್ರಿ!” ಅವಳು ಕೈ ಬಿಡಿಸಿಕೊಂಡು ಅಳತೊಡಗಿದಳು.

ಆಗ ಬಾಗಿಲ ಹಿಂದಿನಿಂದ ದನಿ ಬಂತು. ಕೂಸಿನ ಅಳು ನಿಂತಿತ್ತು. ಎದೆಗೆ ಹಾಕಿಕೊಂಡಿರಬೇಕು.

“ಸೂಗೀ, ಹೇಳಬೇ.”

ಸೂಗಮ್ಮ ತಲೆ ಎತ್ತಲಿಲ್ಲ.

“ನೀ ಹೇಳದಿದ್ದರ ನಾ ಹೇಳ್ತೀನಿ ನೋಡು. ನಿನ್ನ ಕೂಸಿನ ಜೀವದ ಮಾತದ.” ಸೂಗಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. “ನಾನೇ ಕೊಟ್ಟೀನ್ರಿ ಡಾಕ್ಟರಮ್ಮ. ಹುಳಿ ಬೇಕನಸ್ತದ, ಮನ್ಯಾಗ ಕೇಳಾಕ ನಾಚಿಕಿ ಅಂತಿದ್ಲು. ನಾ ತಿನ್ನಂಗಿಲ್ಲ, ಆಕಿನಾರ ತಿನ್ನಲಿ ಅಂತ ನನ್ನ ಪಾಲಿನ ಪಲ್ಲೆ ಗ್ವಾಡಿ ಮ್ಯಾಲಿಂದ ಕೊಡ್ತಿದ್ದೆ. ಬಟ್ಟಲದಾಗ. ದಿನಾ.”

ಜಾಹೆದಾ ಕಣ್ಣು ಮುಚ್ಚಿ ಉಸಿರು ಬಿಟ್ಟಳು. ಅದೇ ಬೋಗುಣಿ. ಉಂಡವರೆಲ್ಲ ಬಿದ್ದಿದ್ದರು, ಉಣ್ಣದವರೆಲ್ಲ ಉಳಿದಿದ್ದರು, ಗೋಡೆಯ ಆಚೆಗೂ ಈಚೆಗೂ. ಆದೆಮ್ಮನನ್ನು ಮನೆಮಂದಿಯ ಮಾತಷ್ಟೇ ಕೇಳಿ, ಹೊರಗಿನವರಿಗೆ ಕೊಟ್ಟೆಯಾ ಎಂದು ಕೇಳದೆ ಬಿಟ್ಟದ್ದು ತನ್ನ ತಪ್ಪು. ಆದರೂ ಲೆಕ್ಕ ಕೂಡಿತ್ತು.

ಅವಳು ಕಣ್ಣು ತೆರೆದಾಗ ಪರಮಣ್ಣ ತನ್ನ ತಂದೆಯ ಕೈಗಳನ್ನು ನೋಡುತ್ತಿದ್ದ.

ನೋಡುತ್ತಲೇ ಇದ್ದ. ಅವನ ಮುಖದಿಂದ ರಕ್ತ ಇಳಿಯುತ್ತಿದ್ದುದನ್ನು ಜಾಹೆದಾ ಕಂಡಳು. ಬ್ಯಾಟರಿ ಅಂಗಡಿಯ ಹುಡುಗ ದಡ್ಡನಲ್ಲ. ಅವನಿಗೂ ಲೆಕ್ಕ ಕೂಡಿತ್ತು.

“ನಿಮಗ ತಿಳೀತು, ಪರಮಣ್ಣ,” ಅವಳು ಮೆಲ್ಲಗೆ ಅಂದಳು.

ಅವನು ಅವಳ ಕಡೆ ನೋಡಲಿಲ್ಲ. ಕರೆಮ್ಮ ಆ ಬೋಗುಣಿಯನ್ನು ಒಲೆಯ ಬದಿಯಿಂದ ತಂದು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅವನು ತಾಯಿಯನ್ನು ನೋಡಿದ. ಆಮೇಲೆ ಜನರ ಕಡೆ ತಿರುಗಿದ.

“ಕೇಳಿದ್ರಿಲ್ಲೋ? ಆಕಿನ ಬಾಯಿಲೇ ಹೇಳಿದ್ಲು! ನಮಗ ಹಾಕಿದ್ದು ಸಾಲಲಿಲ್ಲ, ಬಸುರಿ ಹೆಂಗಸಿಗೆ ಗ್ವಾಡಿ ದಾಟಿಸಿ ಕೊಟ್ಟಾಳ!”

“ಸುಳ್ಳು!” ಜಾಹೆದಾ ಕೂಗಿದಳು. “ಆಕಿ ಕೊಟ್ಟದ್ದು ಇದೇ ಪಲ್ಲೆ, ಇದೇ ಬೋಗುಣಿ...”

ಕೇಳುವವರು ಯಾರೂ ಇರಲಿಲ್ಲ. ಸೂಗಮ್ಮನ ಗಂಡನ ಮನೆಯ ಗಂಡಸರು ಹಿತ್ತಲ ಗೋಡೆ ಹಾರಿ ಬರುತ್ತಿದ್ದರು. ಸೂಗಮ್ಮ 'ಹಂಗಲ್ಲ, ಹಂಗಲ್ಲ' ಎನ್ನುತ್ತಿದ್ದಳು. ಅತ್ತೆ ಅವಳ ಬಾಯಿಗೆ ಸೆರಗು ಒತ್ತಿ ಹೊರಗೆ ಎಳೆದೊಯ್ದಳು.

“ಹಿರಿಯರು ಕೂಡೋತನ ಯಾಕ ಕಾಯಬೇಕು?” ಗುಂಪಿನಿಂದ ಒಬ್ಬ ಕೇಳಿದ. “ಕೀಲಿ ತೆಗೀ ಪರಮಣ್ಣ.”

ಪರಮಣ್ಣನ ಕೈ ಉಡಿದಾರಕ್ಕೆ ಹೋಯಿತು. ಬೆರಳುಗಳು ಗಂಟು ಬಿಚ್ಚಲಾರದೆ ತಡವರಿಸಿದವು. ಕೊನೆಗೆ ಅವನು ಕೀಲಿಯನ್ನು ದಾರದ ಸಮೇತ ಕಿತ್ತ.

ಜಾಹೆದಾ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಹಲಗೆಯ ಆಚೆ, ಅವಳ ಭುಜದಷ್ಟೇ ಎತ್ತರದಲ್ಲಿ, ಇನ್ನೊಂದು ತಲೆ ಒರಗಿದ್ದು ತಿಳಿಯುತ್ತಿತ್ತು. ಇಷ್ಟು ಗದ್ದಲದಲ್ಲೂ ಆ ದನಿ ಸ್ಪಷ್ಟವಾಗಿ ಕೇಳಿತು. ತನಗೇನಾಗುತ್ತದೆಂದು ಅದು ಕೇಳಲಿಲ್ಲ.

“ಡಾಕ್ಟರಮ್ಮ, ಆಕಿ ಹೊಟ್ಟ್ಯಾಗಿನ ಕೂಸು ಉಳೀತದಿಲ್ರಿ?”

ಜಾಹೆದಾಳಿಗೆ ಗೊತ್ತಿರಲಿಲ್ಲ. ಅವಳ ಕಿವಿಯ ಪಕ್ಕದಲ್ಲೇ ಕೀಲಿ ಬೀಗದೊಳಗೆ ಇಳಿಯಿತು.